ಅರ್ಧ ಕೋಣೆಯ ಹಗೆ

ಜೂನ್ ೧೨

ಇವತ್ತು ಕಚೇರಿಯಲ್ಲಿ ಪೇಡೆ ಹಂಚಿದರು. ಪ್ರದೀಪನಿಗೆ ಬಡ್ತಿ ಬಂತು. ನನಗಿಂತ ಎಷ್ಟೋ ವರ್ಷ ತಡವಾಗಿ ನೌಕರಿಗೆ ಸೇರಿದವನು, ಟಿಪ್ಪಣಿ ಬರೆಯುವುದನ್ನು ನನ್ನ ಮೇಜಿನ ಪಕ್ಕದಲ್ಲಿ ಕೂತು ಕಲಿತವನು, ಇನ್ನು ಅಧೀಕ್ಷಕ. ಜ್ಯೇಷ್ಠತಾ ಪಟ್ಟಿಯಲ್ಲಿ ಮೊದಲ ಹೆಸರು ಶಾಂಭವಿ ಎಂದೇ ಇದೆ. ಶಾಂಭವಿ ಗುಮಾಸ್ತೆಯಾಗಿಯೇ ಉಳಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಪೇಡೆ ತಿನ್ನದೆ ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದೆ. ಮ್ಯಾನೇಜರ್ ಕೃಷ್ಣಾನಂದ ಕೋಣೆಗೆ ಕರೆಸಿದ. ಎದುರಿಗೆ ಮರ್ಯಾದೆಯಿಂದಲೇ ಮಾತಾಡುತ್ತೇನೆ. ಇದು ನನ್ನ ಪುಸ್ತಕ, ಇಲ್ಲಿ ಅವನಿಗೆ ಬಹುವಚನ ಕೊಡುವುದಿಲ್ಲ.

"ಬೇಜಾರ್ ಮಾಡ್ಕಬೇಡ ತಂಗಿ," ಅಂದ. "ಕಾರವಾರದ ಮೇಲಿನ ಕಚೇರಿಗೆ ನಾನೇ ಬರ್ದಿದ್ದೆ. ಅಧೀಕ್ಷಕರು ಕೂರೂದು ಮಹಡಿ ಮೇಲೆ. ನೀ ಆ ಕೋಲು ಊರ್ಕಂಡು ದಿನಾ ಮೆಟ್ಲು ಹತ್ತಿ ಎಂತಕ್ಕೆ ತ್ರಾಸ್ ಮಾಡ್ಕಳೂದು? ಮಾನವೀಯ ದೃಷ್ಟಿಯಿಂದ ಅವ್ರು ಇದ್ದಲ್ಲೇ ಇರ್ಲಿ ಹೇಳಿ ಬರ್ದೆ."

"ನನ್ನ ಒಂದು ಮಾತು ಕೇಳಿದ್ರಾ ಸರ್?"

"ಕೇಳೂದೆಂತ? ತಂಗಿಗೆ ಒಳ್ಳೇದು ಮಾಡುಕೆ ಕೇಳ್ಬೇಕಾ?"

ಅವನ ಮುಖದಲ್ಲಿ ಕಪಟ ಇರಲಿಲ್ಲ. ಪುಣ್ಯ ಕಟ್ಟಿಕೊಂಡವನ ಸಮಾಧಾನ ಇತ್ತು. ಅದಕ್ಕೇ ಹೆಚ್ಚು ಉರಿಯಿತು. ಕಳ್ಳನಾದರೆ ಬೈಯಬಹುದು. ಧರ್ಮಾತ್ಮನಿಗೆ ಏನು ಹೇಳುವುದು?

ನನಗೆ ಎರಡೂವರೆ ವರ್ಷಕ್ಕೆ ಪೋಲಿಯೋ ಆಯಿತಂತೆ. ಅಂದಿನಿಂದ ಕಾಲಿಗೆ ಕಬ್ಬಿಣದ ಪಟ್ಟಿ, ಕಂಕುಳಿಗೆ ಕೋಲು. ಬಾಡದಿಂದ ಕುಮಟೆಗೆ ಸೈಡ್ ಚಕ್ರದ ಸ್ಕೂಟರಿನಲ್ಲಿ ದಿನಾ ನಾನೇ ಬರುತ್ತೇನೆ. ಹೆದ್ದಾರಿಯ ಲಾರಿಗಳ ನಡುವೆ ನುಗ್ಗಿ ಬರುವವಳಿಗೆ ಮಹಡಿ ಹತ್ತುವ ತ್ರಾಸನ್ನು ತಪ್ಪಿಸಿದ ಮಹಾನುಭಾವ.

ಜೂನ್ ೧೩

ಅವನನ್ನು ಬಿಡುವುದಿಲ್ಲ.

ಜೂನ್ ೨೨

ಕಾಯ್ದೆ ಓದಿದೆ. ವಿಕಲಚೇತನರ ಹಕ್ಕುಗಳದ್ದು, ೨೦೧೬ರದ್ದು. ಸರಕಾರಿ ಭಾಷೆ ನನಗೆ ಅನ್ನ ಹಾಕಿದ ಭಾಷೆ, ಅದರಲ್ಲಿ ಅಷ್ಟು ಸುಲಭಕ್ಕೆ ಮೋಸ ಹೋಗುವುದಿಲ್ಲ. ಇಪ್ಪತ್ತನೆಯ ಕಲಮಿನಲ್ಲಿ ಸ್ಪಷ್ಟವಾಗಿದೆ: ವೈಕಲ್ಯ ಇದೆ ಎಂಬ ಒಂದೇ ಕಾರಣಕ್ಕೆ ಬಡ್ತಿ ನಿರಾಕರಿಸುವಂತಿಲ್ಲ. ನೌಕರನಿಗೆ ತಕ್ಕ ಅನುಕೂಲ ಮಾಡಿಕೊಡುವುದು ಕಚೇರಿಯ ಹೊಣೆ. ಅಂದರೆ ನಾನು ಮಹಡಿಗೆ ಹೋಗಬೇಕಿಲ್ಲ, ಮೇಜು ಕೆಳಗೆ ಬರಬೇಕು. ಮೇಜಿಗೆ ನಾಲ್ಕು ಕಾಲಿದೆ, ನಾಲ್ಕೂ ಗಟ್ಟಿ ಇವೆ.

ಪ್ರತಿ ಡಿಸೆಂಬರಿನಲ್ಲಿ ನಮ್ಮ ದಿನ ಎಂದು ಒಂದು ಬರುತ್ತದೆ. ಬಾಗಿಲಿಗೆ ಬ್ಯಾನರ್ ಕಟ್ಟಿ, ನನ್ನನ್ನು ಮುಂದೆ ಕೂರಿಸಿ, ಹೂಗುಚ್ಛ ಕೊಟ್ಟು ಫೋಟೋ ತೆಗೆಯುತ್ತಾರೆ. ಮೊದಲು ನಾನು ಅಂಗವಿಕಲೆ. ಆಮೇಲೆ ವಿಕಲಚೇತನೆ ಆದೆ. ಈಗ ಬ್ಯಾನರಿನಲ್ಲಿ ದಿವ್ಯಾಂಗರು ಎಂದು ಬರೆಯುತ್ತಾರೆ. ಹೆಸರಿಗೆ ಸಿಕ್ಕಷ್ಟು ಬಡ್ತಿ ನನಗೆ ಸಿಗಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ.

ಬೆಂಗಳೂರಿನಲ್ಲಿರುವ ವಿಕಲಚೇತನರ ಆಯುಕ್ತರಿಗೆ ದೂರು ಬರೆದು ಕಳಿಸಿದೆ. ಎದುರುದಾರರ ಜಾಗದಲ್ಲಿ ಇಲಾಖೆ ಎಂದು ಬರೆದರೆ ಸಾಕಿತ್ತು. ನಾನು ಕೃಷ್ಣಾನಂದನ ಪೂರ್ತಿ ಹೆಸರು, ಹುದ್ದೆ, ಹೊನ್ನಾವರ ತಾಲೂಕು ಕಾಸರಕೋಡದ ಮನೆ ವಿಳಾಸ, ಎಲ್ಲಾ ಬರೆದೆ. ನೋಟಿಸು ಅವನ ಹೆಂಡತಿಯ ಕೈಗೆ ಸಿಗಲಿ.

ಜುಲೈ ೯

ಜೋರು ಮಳೆ. ಅಮ್ಮ ಎಲ್ಲಿಗೋ ಹೋಗಿ ಒದ್ದೆಯಾಗಿ ಬಂದಳು.

"ಈ ಮಳೆಯಲ್ಲಿ ಎಲ್ಲಿಗೆ ಹೋಗಿದ್ದೆ?"

"ಜಟಗನ ಹತ್ರ. ದೂರು ಹೇಳಿ ಬಂದೆ."

ನಮ್ಮ ಕೇರಿಯ ಗಡಿ ಕಾಯುವ ದೇವರು ಜಟಗ. ಅನ್ಯಾಯ ಆದವರು ಅವನ ಕಲ್ಲಿನ ಮುಂದೆ ಒಂದು ಕಾಯಿ ಇಟ್ಟು, ಬಾಯಿಬಿಟ್ಟು ದೂರು ಹೇಳುತ್ತಾರೆ. ಕಾಯಿ ಅಲ್ಲೇ ಇರುತ್ತದೆ. ತಪ್ಪು ಮಾಡಿದವನ ಕಡೆಯವರೂ ದೂರು ಹೇಳಿದವರೂ ಒಟ್ಟಿಗೆ ಬಂದು ಇನ್ನೊಂದು ಕಾಯಿ ಒಡೆದರೆ ಮಾತ್ರ ದೂರು ವಾಪಸ್ಸು. ಅಮ್ಮನ ಕಾಲದಲ್ಲಿ ಗದ್ದೆಯ ಬದುವಿನ ಜಗಳವೆಲ್ಲ ಹೀಗೆಯೇ ಮುಗಿಯುತ್ತಿತ್ತಂತೆ.

"ಎಂತ ಹೇಳ್ದೆ?"

"ನನ್ನ ಮಗಳ ಅನ್ನಕ್ಕೆ ಕೈ ಹಾಕ್ದವ್ನ ಕೈ ಬಿದ್ದೋಗ್ಲಿ ಹೇಳಿ."

ನಗು ಬಂತು. ನಾನು ಬೆಂಗಳೂರಿಗೆ ಕೊಟ್ಟೆ, ನನ್ನ ಅಮ್ಮ ಮಾದೇವಿ ಜಟಗನಿಗೆ ಕೊಟ್ಟಳು. ಯಾವ ಕಚೇರಿ ಮೊದಲು ಉತ್ತರ ಕೊಡುತ್ತದೋ ನೋಡುವ ಅಂದೆ. ಅಮ್ಮ ನಗಲಿಲ್ಲ, ತಲೆ ಒರೆಸಿಕೊಳ್ಳುತ್ತ ಒಳಗೆ ಹೋದಳು.

ಆಗಸ್ಟ್ ೨೧

ವಿಡಿಯೋದಲ್ಲಿ ವಿಚಾರಣೆ ಆಯಿತು. ಕೃಷ್ಣಾನಂದ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ನನ್ನನ್ನು ಒಡಹುಟ್ಟಿದವಳ ಹಾಗೆ ನೋಡಿಕೊಂಡಿದ್ದೇನೆ, ಮಧ್ಯಾಹ್ನ ಬಿಸಿಲಿದ್ದರೆ ಬೇಗ ಮನೆಗೆ ಕಳಿಸಿದ್ದೇನೆ ಎಂದೆಲ್ಲ ಹೇಳಿದ. ಪರದೆಯ ಆಚೆಯಿಂದ ಆಯುಕ್ತರು ಕೇಳಿದರು, "ಮೇಜನ್ನು ಕೆಳಗೆ ಇಳಿಸಲು ನಿಮಗೆ ಏನು ಅಡ್ಡಿ ಇತ್ತು?"

ಅವನು ಮುಂದಿದ್ದ ಕಾಗದ ತಿರುವಿ ಹಾಕಿದ. ಆಮೇಲೆ, "ಅದು ಹೊಳೀಲಿಲ್ಲ ಸರ್," ಅಂದ.

ಅದು ನಿಜ. ಹೊಳೆಯಲಿಲ್ಲ. ನನಗೆ ಒಳ್ಳೆಯದು ಮಾಡಲು ಅಷ್ಟು ತಲೆ ಕೆಡಿಸಿಕೊಂಡವನಿಗೆ ಒಂದು ಮೇಜನ್ನು ಇಳಿಸುವುದು ಹೊಳೆಯಲಿಲ್ಲ. ಮನೆಗೆ ಬರುವಾಗ ಸ್ಕೂಟರಿನ ಮೇಲೆ ಒಬ್ಬಳೇ ನಗುತ್ತಿದ್ದೆ. ಸಿಗ್ನಲಿನಲ್ಲಿ ಒಬ್ಬ ನನ್ನನ್ನು ಹುಚ್ಚಿ ಎಂದುಕೊಂಡಿರಬೇಕು.

ಸೆಪ್ಟೆಂಬರ್ ೧೮

ಗೆದ್ದೆ!

ಆಯುಕ್ತರ ಆದೇಶ ಬಂತು: ಖಾಲಿ ಇದ್ದ ಇನ್ನೊಂದು ಅಧೀಕ್ಷಕ ಹುದ್ದೆಗೆ ನನಗೆ ಬಡ್ತಿ, ಅದೂ ಪ್ರದೀಪನಿಗೆ ಕೊಟ್ಟ ದಿನಾಂಕಕ್ಕಿಂತ ಹಿಂದಿನಿಂದ. ಅಂದರೆ ನಾನೇ ಹಿರಿಯಳು. ಬಾಗಿಲಿಗೆ ಇಳಿಜಾರು ದಾರಿ ಮಾಡಬೇಕು, ಒಳಗಿನ ಮಹಿಳಾ ಶೌಚಾಲಯಕ್ಕೆ ಹಿಡಿಕೆ ಹಾಕಿಸಬೇಕು. ಇಷ್ಟೇ ಆಗಿದ್ದರೆ ಬರೀ ನ್ಯಾಯವಾಗುತ್ತಿತ್ತು. ಕೆಳಗೆ ಬೇರೆ ಜಾಗವಿಲ್ಲದ್ದರಿಂದ ಮ್ಯಾನೇಜರನ ಕೋಣೆಯನ್ನೇ ಪ್ಲೈವುಡ್ ಹಾಕಿ ಎರಡು ಮಾಡುತ್ತಾರೆ. ಅವನ ಕೋಣೆಯ ಅರ್ಧ ನನಗೆ, ಕಿಟಕಿ ಇರುವ ಅರ್ಧ.

ಇವತ್ತೇ ಪ್ಲೈವುಡ್ ಹೊಡೆಯುವ ಕೆಲಸ ಶುರುವಾಯಿತು, ಅವನು ವೆರಾಂಡದಲ್ಲಿ ಕಡತ ತಬ್ಬಿಕೊಂಡು ನಿಂತಿದ್ದ. ಒಂದೊಂದು ಮೊಳೆ ಹೊಡೆದ ಸದ್ದೂ ಕಿವಿಗೆ ಇಂಪಾಗಿತ್ತು.

ಅಕ್ಟೋಬರ್ ೪

ಇಳಿಜಾರು ದಾರಿ ಮಾಡಿದರು. ಅದನ್ನು ಹತ್ತಲು ಹನುಮಂತನೇ ಬರಬೇಕು, ಅಷ್ಟು ಕಡಿದು. ಜವಾನ ಜಟ್ಟಿ ತನ್ನ ಬೈಕನ್ನು ರೊಯ್ಯನೆ ಅದರ ಮೇಲೆ ಹತ್ತಿಸಿ ಮಳೆ ತಾಗದ ಹಾಗೆ ವೆರಾಂಡದಲ್ಲಿ ನಿಲ್ಲಿಸಿದ. "ಲಾಯ್ಕ ಆಯ್ದು ಮೇಡಂ, ನಿಮ್ಮಿಂದ ನಮಗೂ ಉಪಕಾರ ಆತು," ಎಂದ. ಮಧ್ಯಾಹ್ನದ ಹೊತ್ತಿಗೆ ವೆರಾಂಡದಲ್ಲಿ ಸಾಲಾಗಿ ಬೈಕುಗಳು, ನನಗೆ ಕಾಲಿಡಲು ಜಾಗವಿಲ್ಲ.

ಒಡೆಸಿ ಇನ್ನೊಮ್ಮೆ ಕಟ್ಟಿಸಬೇಕೆಂದು ಟಿಪ್ಪಣಿ ಬರೆದು ಪ್ಲೈವುಡ್ಡಿನ ಆಚೆ ಕಳಿಸಿದೆ. ಕೃಷ್ಣಾನಂದ ಸಹಿ ಮಾಡಲೇಬೇಕು, ಮಾಡಿದ. ಎಷ್ಟು ಒತ್ತಿ ಮಾಡಿದ್ದಾನೆಂದರೆ ಕಾಗದದ ಹಿಂದೆ ಗೆರೆ ಮೂಡಿದೆ.

ಅಕ್ಟೋಬರ್ ೨೫

ಈಗ ದಿನಾ ಒಂದು ಹಬ್ಬ. ಅವನು ಬರೆದ ಟಿಪ್ಪಣಿಯಲ್ಲಿ ಎರಡು ತಪ್ಪು ಹುಡುಕಿ ವಾಪಸ್ ಕಳಿಸುತ್ತೇನೆ. ಅವನು ನನ್ನದರಲ್ಲಿ ಮೂರು ಹುಡುಕುತ್ತಾನೆ. ಅವನು ಕೆಮ್ಮಿದರೆ ನಾನು ರೇಡಿಯೋ ಹಾಕುತ್ತೇನೆ. ತಂಗಿ ಅನ್ನುವುದನ್ನು ಬಿಟ್ಟಿದ್ದಾನೆ. ಇವತ್ತು ಜಟ್ಟಿಯ ಹತ್ತಿರ, "ಆ ಹೆಂಗ್ಸಿಗೆ ಹೇಳು, ಕಡತ ಕೇಳುಕೆ ಬೇರೆ ಭಾಷೆ ಉಂಟು ಹೇಳಿ," ಎಂದದ್ದು ಪ್ಲೈವುಡ್ಡಿನ ಈಚೆ ಚೆನ್ನಾಗಿ ಕೇಳಿತು. ಆ ಹೆಂಗಸು! ಕೇಳಿ ಎಷ್ಟು ಖುಷಿಯಾಯಿತು. ಈ ಕಚೇರಿಯಲ್ಲಿ ಇಷ್ಟು ವರ್ಷ ನನ್ನ ಮೇಲೆ ಯಾರೂ ಸರಿಯಾಗಿ ಸಿಟ್ಟು ಮಾಡಿದವರೇ ಇಲ್ಲ.

ನವೆಂಬರ್ ೧೧

ಬೆಳಿಗ್ಗೆ ಕಾಸರಕೋಡದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಕೃಷ್ಣಾನಂದ ಬಿದ್ದನಂತೆ. ಮೆದುಳಿನ ಆಘಾತ, ಲಕ್ವ. ಬಲಗೈ ಬಲಗಾಲು ಹೋಗಿದೆ, ಮಾತು ತೊದಲುತ್ತದೆ. ಮಂಗಳೂರಿಗೆ ಒಯ್ದರು.

ಸಂತೋಷವಾಯಿತು. ಬರೆದೇ ಬಿಡುತ್ತೇನೆ, ಯಾರಿಗೆ ಹೆದರಬೇಕು? ಮಾಡಿದ್ದುಣ್ಣೋ ಮಹಾರಾಯ. ಮ್ಯಾನೇಜರ್ ಪ್ರಭಾರವೂ ನನಗೇ ಬಂತು, ಹಿರಿಯಳಲ್ಲವೇ.

ನವೆಂಬರ್ ೧೪

ಕಚೇರಿಯಲ್ಲಿ ಗುಸುಗುಸು. ನಾನು ಹೋದರೆ ಸುಮ್ಮನಾಗುತ್ತಾರೆ. ಕೊನೆಗೆ ಪ್ರದೀಪ ಚಹದ ಲೋಟ ಹಿಡಿದುಕೊಂಡು ಬಂದ. ಅವನು ಭಟ್ಕಳದ ಮುಟ್ಟಳ್ಳಿಯವನು, ಬಾಯಲ್ಲಿ ಬೆಣ್ಣೆ ಇಟ್ಟುಕೊಂಡೇ ಮಾತಾಡುತ್ತಾನೆ.

"ನಿಮ್ಮ ಅಮ್ಮ ಜಟಗನಿಗೆ ಕಾಯಿ ಇಟ್ಟಿದ್ರಂತಲೇ ಮೇಡಂ? ಕೈ ಬೀಳ್ಲಿ ಹೇಳಿದ್ರಂತೆ, ಕೈಯೇ ಬಿತ್ತಲೇ! ಅಬ್ಬ! ಕುಂಟ್ರ ಹೊಟ್ಟೆ ಉರ್ಸಿರೆ ದೇವ್ರು ಬಿಡೂದಿಲ್ಲ ನೋಡಿ. ಅವ್ರನ್ನೂ ಹಾಂಗೇ ಮಾಡ್ದ."

ಹೊಗಳಿದೆ ಎಂದುಕೊಂಡಿದ್ದ. ನಾನೂ ಒಂದು ಕ್ಷಣ ಹಾಗೇ ಅಂದುಕೊಂಡೆ. ಆಮೇಲೆ ಮೈಯೆಲ್ಲ ಬೆಂಕಿ ಬಿದ್ದ ಹಾಗಾಯಿತು. ಅವನನ್ನೂ ಹಾಗೇ ಮಾಡಿದ. ಹಾಗೇ ಅಂದರೆ ಹೇಗೆ? ನನ್ನ ಹಾಗೆ! ಅವನ ಕೈ ಬಿದ್ದದ್ದು ಶಿಕ್ಷೆಯಾದರೆ ನನ್ನ ಕಾಲು ಯಾವುದರ ಶಿಕ್ಷೆ? ಎರಡೂವರೆ ವರ್ಷದ ಕೂಸು ಯಾರ ಅನ್ನಕ್ಕೆ ಕೈ ಹಾಕಿತ್ತು?

ಚಹ ಬೇಡ ಅಂದೆ. ಅವನು ಹೋಗಲಿಲ್ಲ. "ಹೋಗು" ಎಂದು ಕಿರುಚಿದೆ.

ಮನೆಗೆ ಬಂದರೆ ಅಮ್ಮ ಊಟ ಬಿಟ್ಟು ಕೂತಿದ್ದಳು. "ನಾ ಹೇಳ್ದ ಹಾಂಗೇ ಆತಲೇ," ಅಂದಳು. ಅವಳ ಮೇಲೂ ಕೂಗಾಡಿದೆ. ಲಕ್ವ ರಕ್ತದೊತ್ತಡದಿಂದ ಬರುತ್ತದೆ, ಜಟಗನಿಗೆ ಬೇರೆ ಕೆಲಸ ಇಲ್ಲವೇ ಎಂದೆ. ನನ್ನ ಸೇಡಿನಲ್ಲಿ ದೇವರ ಪಾಲು ನನಗೆ ಬೇಡ. ಅವನನ್ನು ಸೋಲಿಸಿದ್ದು ನಾನು, ಕಾಯ್ದೆ ಓದಿ, ದೂರು ಬರೆದು. ಈಗ ಎಲ್ಲಾ ಲೆಕ್ಕ ಒಂದು ತೆಂಗಿನಕಾಯಿಯ ಹೆಸರಿಗೆ ಹೋಯಿತು.

ಡಿಸೆಂಬರ್ ೩

ಬ್ಯಾನರ್. ಹೂಗುಚ್ಛ. ಫೋಟೋಕ್ಕೆ ಕೂರಲಿಲ್ಲ.

ಡಿಸೆಂಬರ್ ೮

ಇವತ್ತು ಮನೆಗೆ ಒಬ್ಬ ಹೆಂಗಸು ಬಂದಳು. ಕೈಯಲ್ಲಿ ಕಾಯಿ, ಬಾಳೆಹಣ್ಣು, ಹೂವು. ಬಂದವಳೇ ಅಮ್ಮನ ಕಾಲು ಹಿಡಿದಳು. ಕೃಷ್ಣಾನಂದನ ಹೆಂಡತಿ ಪರಮೇಶ್ವರಿ.

"ದೂರು ವಾಪಸ್ ತಗಳಿ ಅಮ್ಮ. ಆಸ್ಪತ್ರಿಂದ ಮನೆಗೆ ತಂದಾಯ್ತು. ಹದಿನೈದು ದಿನ ಆತು, ಗೋಡೆ ನೋಡ್ಕಂಡು ಕೂತ್ರೆ ಕೂತ್ರು. ಒಂದು ಕಾಯಿ ಒಟ್ಟಿಗೆ ಒಡ್ದು ಬಿಡುವ."

ಅಮ್ಮ ಅವಳನ್ನು ಎಬ್ಬಿಸಿ ಕೂರಿಸಿ ಬೆಲ್ಲ ನೀರು ಕೊಟ್ಟಳು. ಇಬ್ಬರೂ ಅತ್ತರು. ಈ ಅಮ್ಮನಿಗೆ ಹಗೆ ಇಟ್ಟುಕೊಳ್ಳಲು ಬರುವುದೇ ಇಲ್ಲ. ಆಮೇಲೆ ಇಬ್ಬರೂ ಕಾಯಿ ಹಿಡಿದು ಹೊರಟರು. ನಾನೂ ಸ್ಕೂಟರಿನಲ್ಲಿ ಹಿಂದೆ ಹೋದೆ, ಸುಮ್ಮನೆ ನೋಡಲು. ಕಾಯಿ ಮುಟ್ಟು ಅಂದರು, ನಾನು ಮುಟ್ಟಲಿಲ್ಲ. ಅಮ್ಮ ಕೊಟ್ಟ ದೂರು ಅಮ್ಮ ತೆಗೆಯಲಿ. ನನ್ನದು ಬೇರೆ ಕಡೆ ಇದೆ.

ಕಾಯಿ ಒಡೆದ ಮೇಲೆ ಪರಮೇಶ್ವರಿ ಕಣ್ಣೊರೆಸಿಕೊಂಡು, "ಇನ್ನು ಆ ಕಾಗದಕ್ಕೆ ಸಹಿ ಮಾಡ್ಸಿ ಕೊಟ್ರೆ ಒಂದು ನೆಮ್ಮದಿ," ಅಂದಳು.

"ಯಾವ ಕಾಗದ?"

"ಸ್ವಯಂ ನಿವೃತ್ತಿದು. ಪ್ರದೀಪ ಬಂದು ಕೊಟ್ಟು ಹೋದ್ರು. ನಿಮ್ಮ ಕಚೇರಿಯ ದೊಡ್ಡ ಸಾಹೇಬ್ರೇ ಕಳ್ಸಿದ್ದಂತೆ. ಇಂಥಾ ಸ್ಥಿತಿಯಲ್ಲಿ ಕೆಲ್ಸಕ್ಕೆ ಬಂದು ಎಂತಕ್ಕೆ ತ್ರಾಸ್, ಮಾನವೀಯ ದೃಷ್ಟಿಯಿಂದ ಬೇಗ ಮಾಡ್ಕೊಡ್ತೇವೆ ಹೇಳಿದ್ರು. ಒಳ್ಳೇ ಜನ."

ಒಳ್ಳೇ ಜನ! ಕೋಲನ್ನು ನೆಲಕ್ಕೆ ಕುಕ್ಕಿದೆ. ಅದೇ ಮಾತು. ಅದೇ ಮಾತನ್ನು ಈಗ ಅವನ ಮೇಲೆ ಎರಚಿದ್ದಾರೆ. ಅವನಿಗೆ ತಕ್ಕದ್ದೇ ಆಯಿತು ಎಂದು ನಗಬೇಕಿತ್ತು, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಹಾಡಬೇಕಿತ್ತು. ನಗು ಬರಲಿಲ್ಲ. ಅವನ ನೌಕರಿ ಕಿತ್ತುಕೊಳ್ಳಲು ಈ ಪ್ರದೀಪ ಯಾರು? ಆ ಮನುಷ್ಯನ ಜೊತೆ ಲೆಕ್ಕ ಇರುವುದು ನನಗೆ.

"ಸಹಿ ಮಾಡ್ಸಬೇಡಿ," ಅಂದೆ. "ನಾನು ಬಂದು ಮಾತಾಡ್ತೆ. ಅಲ್ಲಿವರಿಗೆ ಮಾಡ್ಸಬೇಡಿ."

ಡಿಸೆಂಬರ್ ೧೪

ಕಾಸರಕೋಡಕ್ಕೆ ಹೋಗಿದ್ದೆ. ಶರಾವತಿಯ ಸೇತುವೆ ದಾಟುವಾಗ ಗಾಳಿಗೆ ಸ್ಕೂಟರ್ ಓಲಾಡಿತು. ಬಂದರಿನ ಹತ್ತಿರದ ಮನೆ, ಅಂಗಳದವರೆಗೂ ಒಣಮೀನಿನ ವಾಸನೆ. ಕೃಷ್ಣಾನಂದ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಬಲಗೈ ತೊಡೆಯ ಮೇಲೆ ಮಡಿಸಿದ ಟವೆಲ್ಲಿನ ಮೇಲಿತ್ತು. ನನ್ನನ್ನು ನೋಡಿ ಮುಖವನ್ನು ಗೋಡೆಗೆ ತಿರುಗಿಸಿದ.

ಇದನ್ನೇ ನೋಡಬೇಕು ಎಂದು ಜೂನಿನಿಂದ ಕಾದಿದ್ದೆ. ನೋಡಿದೆ. ಚೆನ್ನಾಗಿ ನೋಡಿದೆ.

ಅವನು ಏನೋ ತೊದಲಿದ. ಪರಮೇಶ್ವರಿ ನಾಚಿಕೊಂಡು, "ನಗಾಡುಕೆ ಬಂದ್ಯಾ ಕೇಳ್ತಿದ್ರು," ಅಂದಳು.

"ಹೌದು," ಅಂದೆ. "ನಗಾಡುಕೇ ಬಂದದ್ದು. ಆದ್ರೆ ಒಂದು ದಿನ ನಗಾಡಿದ್ರೆ ನಂಗೆ ಸಾಲೂದಿಲ್ಲ, ದಿನಾ ಬೇಕು. ದಿನಾ ಕಾಸರಕೋಡಕ್ಕೆ ಬರುಕೆ ನನ್ನ ಗಾಡಿಗೆ ಪೆಟ್ರೋಲು ಯಾರು ಹಾಕ್ತ್ರು? ನೀವೇ ಕಚೇರಿಗೆ ಬನ್ನಿ."

ಅವನು ಈ ಕಡೆ ತಿರುಗಿದ.

ಕಲಂ ಇಪ್ಪತ್ತರ ನಾಲ್ಕನೆಯ ಉಪಕಲಂ ಓದಿ ಹೇಳಿದೆ. ನೌಕರಿಯಲ್ಲಿ ಇರುವಾಗ ವೈಕಲ್ಯ ಬಂದವನನ್ನು ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಆ ಕೆಲಸ ಆಗದಿದ್ದರೆ ಅದೇ ಸಂಬಳಕ್ಕೆ ಆಗುವ ಕೆಲಸ ಕೊಡಬೇಕು. ಸ್ವಯಂ ನಿವೃತ್ತಿಗೆ ಸಹಿ ಮಾಡಿದರೆ ಇದೆಲ್ಲ ಹೋಯಿತು, ತಾನಾಗಿಯೇ ಬಿಟ್ಟ ಎಂದು ಬರೆಯುತ್ತಾರೆ.

"ಕನ್... ಕನಿಕ್ರ... ಬೇಡ," ಅಂದ. ಇಷ್ಟು ಹೇಳಲು ಅವನಿಗೆ ಬೆವರು ಬಂತು.

"ಕನಿಕರವಾ? ನಿಮ್ಮ ಮೇಲಾ? ನಿಮ್ಮನ್ನು ಕಂಡ್ರೆ ನಂಗೆ ಈಗ್ಲೂ ಆಗೂದಿಲ್ಲ ಸರ್."

ಅವನ ಬಾಯಿಯ ಎಡ ಅಂಚು ಸ್ವಲ್ಪ ಮೇಲೆ ಹೋಯಿತು. ನಕ್ಕದ್ದೋ, ಸಿಟ್ಟೋ, ಗೊತ್ತಾಗಲಿಲ್ಲ. ಪರಮೇಶ್ವರಿ ಎರಡು ದೊಡ್ಡ ಬಂಗಡೆ ಮೀನು ಹುರಿದು ಊಟ ಹಾಕಿದಳು. ಉಂಡು ಬಂದೆ.

ಜನವರಿ ೮

ಕಚೇರಿಯ ಮುಖ್ಯಸ್ಥ ಸಾಹೇಬರು ಕರೆದರು. ಅವರು ಬಯಲುಸೀಮೆಯವರು, ಈ ಊರಿನ ಜಗಳಗಳು ಅವರಿಗೆ ತಲೆನೋವು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜನ.

"ಕೃಷ್ಣಾನಂದರ ಬಗ್ಗೆ ಪ್ರಭಾರ ಮ್ಯಾನೇಜರ್ ಆಗಿ ನಿಮ್ಮ ಅಭಿಪ್ರಾಯ ಬೇಕು. ಒಂದೇ ಸಾಲು ಬರೀರಿ ಮೇಡಂ, ಕರ್ತವ್ಯ ನಿರ್ವಹಿಸಲು ಅಸಮರ್ಥರು ಅಂತ. ಉಳಿದದ್ದು ಕಾರವಾರದಲ್ಲಿ ಆಗುತ್ತೆ. 'ಪ್ರಭಾರ' ಅನ್ನೋ ಶಬ್ದ ನಿಮ್ಮ ಬೋರ್ಡಿನಿಂದ ಹೋಗುತ್ತೆ. ಅವರು ಇದ್ದಷ್ಟು ದಿನ ಆ ಕುರ್ಚಿ ನಿಮ್ಮದಾಗಲ್ಲ, ಯೋಚನೆ ಮಾಡಿ."

ಯೋಚನೆ ಮಾಡಿದೆ. ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಒಂದು ಕಾಗದದಲ್ಲಿ 'ಅಸಮರ್ಥರು' ಎಂದು ಬರೆದು ನೋಡಿದೆ. ಅಕ್ಷರ ಮುದ್ದಾಗಿ ಬಂದಿತ್ತು. ಮ್ಯಾನೇಜರ್ ಶಾಂಭವಿ ಎಂದೂ ಬರೆದು ನೋಡಿದೆ. ಅದು ಇನ್ನೂ ಮುದ್ದಾಗಿತ್ತು.

ಜನವರಿ ೯

ಹರಿದು ಹಾಕಿದೆ.

ಅಸಮರ್ಥ ಎಂದು ಬರೆದರೆ ಅವನು ಮನೆಯಲ್ಲಿ ಪಿಂಚಣಿ ತಿಂದುಕೊಂಡು ಇರುತ್ತಾನೆ. ಊರವರು ಪಾಪ ಪಾಪ ಎನ್ನುತ್ತಾರೆ. ಪಾಪದವನ ಮೇಲೆ ಸಿಟ್ಟು ಇಟ್ಟುಕೊಂಡವಳು ಕೆಟ್ಟವಳಾಗುತ್ತಾಳೆ. ಎಷ್ಟು ಸುಲಭಕ್ಕೆ ನನ್ನ ಕೈಯಿಂದ ಜಾರಿಕೊಳ್ಳುತ್ತಾನೆ! ಅದನ್ನು ನಾನು ಆಗಗೊಡುವುದಿಲ್ಲ.

ಬರೆದದ್ದು ಇಷ್ಟು: ಇವರು ಎಡಗೈಯಿಂದ ಗಣಕಯಂತ್ರ ಬಳಸಬಲ್ಲರು, ಕಡತ ಓದಿ ತಪ್ಪು ಹುಡುಕುವ ಶಕ್ತಿಗೆ ಏನೂ ಕೊರತೆ ಬಂದಿಲ್ಲ, ಅದು ನನಗೆ ವೈಯಕ್ತಿಕವಾಗಿ ಗೊತ್ತು. ಕಲಂ ಇಪ್ಪತ್ತರ ಪ್ರಕಾರ ಇವರನ್ನು ಇದೇ ಹುದ್ದೆಯಲ್ಲಿ, ಇದೇ ಸಂಬಳದಲ್ಲಿ ಮುಂದುವರಿಸಿ, ಸದ್ಯ ಕಡತ ಪರಿಶೀಲನೆಯ ಕೆಲಸ ವಹಿಸತಕ್ಕದ್ದು. ಹೊಣೆಯನ್ನು ನಾನು ಹೊರುತ್ತೇನೆ.

ಸಾಹೇಬರು ಓದಿ ತಲೆ ಚಚ್ಚಿಕೊಂಡರು. "ಅವರಿಗೂ ನಿಮಗೂ ಆಗೋದಿಲ್ಲ ಅಂತ ಕೇಳಿದ್ದೆ!"

"ಆಗೂದಿಲ್ಲ ಸರ್. ಅದಕ್ಕೇ," ಅಂದೆ. ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಲು ನನಗೂ ಪುರುಸೊತ್ತು ಇರಲಿಲ್ಲ.

ಫೆಬ್ರವರಿ ೧೦

ಬಂದ. ಕಾರವಾರದವರು ನನ್ನ ಅಭಿಪ್ರಾಯ ಒಪ್ಪಿದ್ದರು, ಪರಮೇಶ್ವರಿ ರಿಕ್ಷಾದಲ್ಲಿ ಕರೆದುಕೊಂಡು ಬಂದಳು. ಹೊಸದಾಗಿ ಕಟ್ಟಿಸಿದ ಇಳಿಜಾರಿನ ಮೇಲೆ, ಎಡಗೈಯಲ್ಲಿ ಕೋಲು ಹಿಡಿದು, ಬಲಗಾಲು ಎಳೆಯುತ್ತ ನಡೆದ. ಕೋಲು ಹಿಡಿಯುವುದು ಹೀಗಲ್ಲ, ಹೆಜ್ಜೆಗಿಂತ ಮೊದಲು ಕೋಲು ಮುಂದೆ ಹೋಗಬೇಕು. ಹೇಳಿದೆ. ದುರುಗುಟ್ಟಿ ನೋಡಿದ. ಎರಡು ಹೆಜ್ಜೆ ಆದ ಮೇಲೆ ಹಾಗೇ ಇಟ್ಟ.

ಕಚೇರಿಗೆ ಕಚೇರಿಯೇ ಬಾಗಿಲಿಗೆ ಬಂದು ನಿಂತು ಲೊಚಗುಟ್ಟಿತು. "ಪಾಪ, ಹೇಂಗಿದ್ದ ಮನ್ಸ ಹೇಂಗಾದ್ರು," ಎಂದು ಯಾರೋ ಅಂದರು.

"ಈ ಕಚೇರಿಯಲ್ಲಿ ಇನ್ನು ಪಾಪ ಹೇಳ್ದವ್ರಿಗೆ ನೋಟಿಸ್ ಕೊಡ್ತೆ," ಎಂದು ನಾನು ಗಟ್ಟಿಯಾಗಿ ಹೇಳಿದೆ. ಎಲ್ಲರೂ ಜಾಗಕ್ಕೆ ಹೋದರು.

ಪ್ಲೈವುಡ್ಡಿನ ಆಚೆ ಅವನ ಕುರ್ಚಿ ಇದ್ದಲ್ಲೇ ಇತ್ತು. ಇಷ್ಟು ದಿನ ನಾನು ಅದರಲ್ಲಿ ಕೂರಲಿಲ್ಲ, ನನಗೆ ಅದು ಎತ್ತರ. ಮೊದಲ ದಿನ ಸುಮ್ಮನೆ ಕೂರಲಿ ಎಂದು ಪ್ರದೀಪ ಹೇಳಿದ. ನಾನು ಒಂದು ಕಟ್ಟು ಕಡತ ಕಳಿಸಿದೆ, ಅದೂ ಪ್ರದೀಪನ ಶಾಖೆಯದ್ದು. ಸಂಜೆಯೊಳಗೆ ಹನ್ನೊಂದು ತಪ್ಪು ಸಿಕ್ಕಿದವು.

ಫೆಬ್ರವರಿ ೧೯

ಎಡಗೈಯಲ್ಲಿ ಬರೆದ ಅವನ ಅಕ್ಷರ ಒಂದನೇ ಇಯತ್ತೆಯ ಮಗುವಿನದ್ದರ ಹಾಗಿದೆ. ಓದಲು ಬರುವುದಿಲ್ಲ ಎಂದು ವಾಪಸ್ ಕಳಿಸಿದೆ. ಮತ್ತೆ ಬರೆದ, ಮತ್ತೆ ಕಳಿಸಿದೆ. ಜಟ್ಟಿ ನನ್ನನ್ನು ರಾಕ್ಷಸಿಯನ್ನು ನೋಡಿದ ಹಾಗೆ ನೋಡಿದ. ಸಂಜೆ ನನ್ನ ಕಂಪ್ಯೂಟರನ್ನೇ ಆ ಕಡೆ ಇಡಿಸಿದೆ, ಅವನಿಗೆ ನಾಳೆಯಿಂದ ಯಾವ ನೆಪವೂ ಇರಬಾರದು. ಒಂದೊಂದೇ ಅಕ್ಷರ ಒತ್ತುವ ಟಕ್ ಟಕ್ ಸದ್ದು ಕೇಳುತ್ತಿತ್ತು. ಆ ಸದ್ದು ನಿಂತರೆ ನಾನು ಕೆಮ್ಮುತ್ತೇನೆ. ಮತ್ತೆ ಶುರುವಾಗುತ್ತದೆ.

ಮಾರ್ಚ್ ೬

ಎಂಥಾ ಮನುಷ್ಯ ಇವನು!

ಇವತ್ತು ಹನ್ನೊಂದು ಗಂಟೆಗೆ ಕೋಲು ಊರಿಕೊಂಡು ಪ್ಲೈವುಡ್ ಸುತ್ತಿ ಈಚೆ ಬಂದ. ತಾನೇ ಟೈಪ್ ಮಾಡಿದ ಎರಡು ಪುಟ ನನ್ನ ಮೇಜಿನ ಮೇಲೆ ಇಟ್ಟ. ನನ್ನ ಮೇಲೆ ದೂರು! 'ಪ್ರಭಾರ ಮ್ಯಾನೇಜರ್ ಶಾಂಭವಿ ಇವರ ನಿರ್ಲಕ್ಷ್ಯದ ಕುರಿತು' ಎಂದು ವಿಷಯದ ಸಾಲಿನಲ್ಲೇ ಹಾಕಿದ್ದಾನೆ. ಪುರುಷರ ಶೌಚಾಲಯ ಹಿತ್ತಲಿನಲ್ಲಿ, ಮೆಟ್ಟಿಲು ಇಳಿದು ಹೋಗಬೇಕು. ಒಳಗೆ ಹಿಡಿಕೆ ಹಾಕಿದ ಶೌಚಾಲಯ ಒಂದೇ, ಅದು ಮಹಿಳೆಯರದ್ದು, ಅದರ ಕೀಲಿ ಶಾಂಭವಿಯವರ ಪರ್ಸಿನಲ್ಲಿ. ಕೆಲಸಕ್ಕೆ ಹಾಜರಾದ ದಿನದಿಂದ ಇವತ್ತಿನವರೆಗೆ ಅರ್ಜಿದಾರನು ಕಚೇರಿಯಲ್ಲಿ ಒಂದು ಗುಟುಕು ನೀರು ಕುಡಿದಿಲ್ಲ. ತಕ್ಕ ಅನುಕೂಲ ಮಾಡಿಕೊಡದಿರುವುದೂ ತಾರತಮ್ಯವೇ ಎಂದು ಕಾಯ್ದೆ ಹೇಳುತ್ತದೆ, ಆದ್ದರಿಂದ ಇವರ ಮೇಲೆ ಕ್ರಮ ಜರುಗಿಸತಕ್ಕದ್ದು. ಪ್ರತಿ: ಆಯುಕ್ತರಿಗೆ.

ಎರಡೂ ಪುಟದಲ್ಲಿ ವಿನಂತಿ, ಕೃಪೆ ಎಂಬ ಶಬ್ದ ಹುಡುಕಿದರೂ ಇಲ್ಲ. ಒಂದು ಅಕ್ಷರ ತಪ್ಪಿಲ್ಲ, ಮೂರು ಸಲ ನೋಡಿದೆ.

ಜಟ್ಟಿ ನನ್ನ ಹೆಗಲ ಮೇಲಿಂದ ಓದಿ ಬಾಯಿ ಬಿಟ್ಟ. "ಎಂತಾ ಜನ ಮೇಡಂ! ಉಪಕಾರ ಮಾಡಿದವ್ರ ಮೇಲೇ ದೂರು?"

"ಯಾರು ಮಾಡಿದ್ರು ಉಪಕಾರ?" ಎಂದೆ. ಎಷ್ಟು ಜೋರಾಗಿ ಎಂದರೆ ಜಟ್ಟಿ ಹಿಂದೆ ಸರಿದ. "ನಾನಾ? ಇವ್ರಿಗಾ? ಇನ್ನೊಂದ್ಸಲ ಹಾಂಗೆ ಹೇಳ್ಬೇಡ."

ಕೃಷ್ಣಾನಂದ ನಿಂತೇ ಇದ್ದ. ಎಡಗೈಯ ಬೆರಳಿನಿಂದ ಕಾಗದದ ಕೆಳಗಿನ ಖಾಲಿ ಜಾಗ ತೋರಿಸಿದ. "ಸಹಿ... ಹಾ... ಹಾಕು. ಸಿಕ್ಕಿದ್ದಕ್ಕೆ." ಕಣ್ಣಲ್ಲಿ ಬೆಂಕಿ ಇತ್ತು. ನಾನೂ ಅವನನ್ನು ಹಾಗೇ ನೋಡಿದೆ. ಅವನು ಕಣ್ಣು ಇಳಿಸಲಿಲ್ಲ, ನಾನೂ ಇಳಿಸಲಿಲ್ಲ.

ಮೈ ಉರಿದು ಹೋಗಿದೆ. ಮೂರು ವಾರದಿಂದ ಅವನ ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಹೋಗುವುದನ್ನು ಕಂಡಿದ್ದೆ, ಜಂಭ ಎಂದುಕೊಂಡಿದ್ದೆ. ಬೇರೆ ಯಾರಿಗೆ ತಿಳಿಯದಿದ್ದರೂ ನನಗೆ ತಿಳಿಯಬೇಕಿತ್ತು. ಹಿಡಿಕೆ ಬರುವ ಮೊದಲು ಅದೇ ಕಟ್ಟಡದಲ್ಲಿ ವರ್ಷಗಟ್ಟಲೆ ಒಣ ಗಂಟಲಲ್ಲಿ ಕೂತವಳು ನಾನು, ಸಂಜೆ ಮನೆಗೆ ಬಂದು ಚೊಂಬುಗಟ್ಟಲೆ ಕುಡಿಯುತ್ತಿದ್ದವಳು. ನನಗೇ ಹೊಳೆಯಲಿಲ್ಲ. ಅವನು ಅದನ್ನು ಹಿಡಿದ. ನೇರ ನನ್ನ ಕುತ್ತಿಗೆಯನ್ನೇ ಹಿಡಿದ.

ಸಹಿ ಹಾಕಿ, ಮೊಹರು ಒತ್ತಿ, ಒಂದು ಪ್ರತಿ ಅವನ ಎಡಗೈಗೆ ಕೊಟ್ಟೆ. ಉಳಿದದ್ದನ್ನು ಈ ದಿನದ ಟಪಾಲಿಗೇ ಹಾಕಿಸಿದೆ. ನನ್ನ ಅಭಿಪ್ರಾಯದ ಜಾಗದಲ್ಲಿ 'ದೂರಿನಲ್ಲಿ ಹೇಳಿದ ಸಂಗತಿಗಳು ನಿಜ' ಎಂದು ಬರೆದೆ. ಹೊಸದು ಕಟ್ಟುವವರೆಗೆ ಒಳಗಿನ ಶೌಚಾಲಯ ಇಬ್ಬರಿಗೂ ಎಂದು ಆದೇಶ ಮಾಡಿ ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿಸಿದೆ. ಮಧ್ಯಾಹ್ನ ಪ್ಲೈವುಡ್ಡಿನ ಆಚೆ ಬಾಟಲಿಯ ಮುಚ್ಚಳ ತೆರೆದ ಸದ್ದು ಕೇಳಿತು. ಗಟಗಟ ಕುಡಿದ.

ಕುಡಿಯಲಿ. ವಿಚಾರಣೆಗೆ ಕರೆದರೆ ಹೋಗುತ್ತೇನೆ. ಸೋಲುತ್ತೇನೆ, ಅದು ಈಗಲೇ ಗೊತ್ತು. ಸೋತು ಬಂದ ಮೇಲೆ ಅವನನ್ನು ನೋಡಿಕೊಳ್ಳುತ್ತೇನೆ.